ಗಣಪತಿ ಸೀಸನ್‌ಗೆ ಮೊದಲು ಎಲ್‌ಇಡಿ ವಾಲ್‌ಗೆ ಸಾಫ್ಟ್‌ವೇರ್ ಆರಿಸಿದ್ದು

ದಾವಣಗೆರೆ ಸುತ್ತಮುತ್ತ ರಸಮಂಜರಿ, ಆರ್ಕೆಸ್ಟ್ರಾಗಳಿಗೆ ಎಲ್‌ಇಡಿ ವಾಲ್ ಬಾಡಿಗೆ ಕೊಡೋರು ಈಗ ಬೀದಿಗೊಬ್ಬರಿದ್ದಾರೆ. ವಾಲ್ ಹೆಚ್ಚುಕಮ್ಮಿ ಎಲ್ಲರದೂ ಒಂದೇ. ಹಾಡು ಶುರುವಾದಾಗ ಹಿಂದೆ ಏನು ಓಡುತ್ತೆ ಅನ್ನೋದರಲ್ಲೇ ವ್ಯತ್ಯಾಸ. ಪೆನ್‌ಡ್ರೈವ್‌ನಲ್ಲಿರೋ ಅದೇ ಸುತ್ತುವ ಚಕ್ರ, ಅದೇ ಉದುರುವ ನಕ್ಷತ್ರಗಳನ್ನ ಸಾಮಾನ್ಯ ವಿಡಿಯೋ ಪ್ಲೇಯರ್‌ನಲ್ಲಿ ಹಾಕಿ ಕಾರ್ಯಕ್ರಮ ಮುಗಿಸೋದು ಇಷ್ಟು ದಿನ ನಡೀತು. ಈ ಸಲ ಚೌತಿಯಿಂದ ನವೆಂಬರ್ ರಾಜ್ಯೋತ್ಸವದ ತನಕ ಬುಕ್ ಮಾಡಿರೋ ಸಂಘಗಳಲ್ಲಿ ಹೆಚ್ಚಿನವರು ಕೇಳಿದ್ದು ‘ಹಾಡಿಗೆ ತಕ್ಕ ವಿಷುವಲ್ಸ್’. ಹಾಗಾಗಿ ಸೀಸನ್‌ಗೆ ಮೊದಲೇ ಗೋಡೌನ್‌ನಲ್ಲಿ ವಾಲ್ ಕಟ್ಟಿಕೊಂಡು ಸಾಫ್ಟ್‌ವೇರ್ ಪರೀಕ್ಷೆಗೆ ಕೂತೆ. ಇದು ಅದರ ಟಿಪ್ಪಣಿ.

ಹಂತ 0: ಕೈಯಲ್ಲಿರೋದು

ಪಿ3.91 ವಾಲ್, ಅಂದರೆ ಒಂದು ಪಿಕ್ಸೆಲ್‌ನಿಂದ ಇನ್ನೊಂದಕ್ಕೆ 3.91 ಮಿಲಿಮೀಟರ್. 500×500 ಮಿಲಿಮೀಟರ್‌ನ ಕ್ಯಾಬಿನೆಟ್, ಒಂದೊಂದರಲ್ಲಿ 128×128 ಪಿಕ್ಸೆಲ್. ನಡುವೆ ಅಡ್ಡಕ್ಕೆ 10, ಎತ್ತರಕ್ಕೆ 6. ಅಂದರೆ 5 ಮೀಟರ್‌ಗೆ 3 ಮೀಟರ್. ಸಂಘದವರ ಲೆಕ್ಕದಲ್ಲಿ ‘ಹದಿನಾರು ಹತ್ತು’ ಅಡಿ. ಎರಡೂ ಬದಿಗೆ ಅಡ್ಡ 2, ಎತ್ತರ 6ರ ಒಂದೊಂದು ಕಂಬ. ಒಟ್ಟು 84 ಕ್ಯಾಬಿನೆಟ್.

ಲ್ಯಾಪ್‌ಟಾಪ್‌ನ ಚಿತ್ರವನ್ನ ಕ್ಯಾಬಿನೆಟ್‌ಗಳಿಗೆ ಹಂಚೋ ಪ್ರೊಸೆಸರ್ ನೋವಾಸ್ಟಾರ್ ವಿಎಕ್ಸ್4ಎಸ್. ಲ್ಯಾಪ್‌ಟಾಪ್‌ನಲ್ಲಿ 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 3050 ಗ್ರಾಫಿಕ್ಸ್, 512 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ. ವಿಷುವಲ್ಸ್ ಎಲ್ಲಾ ಇದ್ದದ್ದು ಹೊರಗಿನ 1 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ. ಈ ಹಾರ್ಡ್‌ಡಿಸ್ಕ್ ವಿಷಯ ಮುಂದೆ ಬರುತ್ತೆ.

ಹಂತ 1: ಸಾಫ್ಟ್‌ವೇರ್ ತೆರೆಯೋ ಮೊದಲು ಪಿಕ್ಸೆಲ್ ಲೆಕ್ಕ

ನಡುವಿನ ವಾಲ್ 1280×768. ಬದಿಯ ಕಂಬ ಒಂದೊಂದು 256×768. ಮೂರನ್ನೂ ಪಕ್ಕಪಕ್ಕ ಇಟ್ಟರೆ 1792×768. ಇದು 1920×1080ರ ಒಳಗೆ ಆರಾಮಾಗಿ ಕೂರುತ್ತೆ. ಅಂದರೆ ಲ್ಯಾಪ್‌ಟಾಪ್‌ನಿಂದ ಒಂದೇ ಎಚ್‌ಡಿಎಂಐ ಸಾಕು, ಮೂರು ಔಟ್‌ಪುಟ್ ಬೇಡ. ಯಾವ ಸಾಫ್ಟ್‌ವೇರ್ ಅನ್ನೋ ಪ್ರಶ್ನೆ ಅರ್ಧ ಇಲ್ಲೇ ಇತ್ಯರ್ಥ ಆಗುತ್ತೆ. ಆದರೂ ಇದನ್ನ ಮೊದಲು ಮಾಡೋರು ಕಡಿಮೆ.

ನೋವಾಸ್ಟಾರ್‌ನ ಒಂದು ನೆಟ್‌ವರ್ಕ್ ಪೋರ್ಟ್ 60 ಹರ್ಟ್ಸ್‌ನಲ್ಲಿ 6.5 ಲಕ್ಷ ಪಿಕ್ಸೆಲ್ ಹೊರುತ್ತೆ. ನಮ್ಮ ಕ್ಯಾಬಿನೆಟ್ ಒಂದಕ್ಕೆ 16,384 ಪಿಕ್ಸೆಲ್, ಹಾಗಾಗಿ ಪೋರ್ಟ್‌ಗೆ ಗರಿಷ್ಠ 39 ಕ್ಯಾಬಿನೆಟ್. ನಡುವಿನ 60ನ್ನ 30-30 ಮಾಡಿ ಎರಡು ಪೋರ್ಟ್‌ಗೆ, ಎರಡು ಕಂಬಗಳ 24ನ್ನ ಮೂರನೇ ಪೋರ್ಟ್‌ಗೆ ಕೊಟ್ಟೆ. ನಾಲ್ಕನೆಯದು ಖಾಲಿ.

ಯಾವ ಕ್ಯಾಬಿನೆಟ್ ಚಿತ್ರದ ಯಾವ ತುಂಡನ್ನ ಓದಬೇಕು ಅನ್ನೋದನ್ನ ನೋವಾಸ್ಟಾರ್‌ನ ಸೆಟ್ಟಿಂಗ್ ಪ್ರೋಗ್ರಾಂ ನೋವಾಎಲ್‌ಸಿಟಿಯಲ್ಲೇ ಹೊಂದಿಸಿದೆ. ಎಡ ಕಂಬ, ನಡುವಿನ ವಾಲ್, ಬಲ ಕಂಬ, ಅದೇ ಕ್ರಮದಲ್ಲಿ. ಓದೋ ಜಾಗ ಶುರುವಾಗೋದು ಮೂಲೆಯ ಸೊನ್ನೆಯಿಂದಲ್ಲ, ಎಕ್ಸ್ 64, ವೈ 156ರಿಂದ. ಕಾರಣ ಇದೆ: 1792×768ರ ಕ್ಲಿಪ್‌ನ 1920×1080ರ ಹಾಸಿನ ಮೇಲೆ ಬಿಟ್ಟರೆ ಸಾಫ್ಟ್‌ವೇರ್ ಅದನ್ನ ಮಧ್ಯಕ್ಕೆ ತಂದು ಕೂರಿಸುತ್ತೆ, ಎಡಬಲಕ್ಕೆ 64, ಮೇಲೆಕೆಳಗೆ 156 ಪಿಕ್ಸೆಲ್ ಉಳಿಯುತ್ತೆ. ಪ್ರತಿ ಕ್ಲಿಪ್‌ನ ಕೈಯಲ್ಲಿ ಮೂಲೆಗೆ ಎಳೆಯೋ ಬದಲು ಪ್ರೊಸೆಸರ್‌ಗೇ ಮಧ್ಯದಿಂದ ಓದು ಅಂತ ಹೇಳಿದ್ದು. ಮೊದಲು ಮೂಲೆಯಿಂದಲೇ ಓದಿಸಿದ್ದೆ. ಸಾಲಾಗಿ ಹಾಕಿದ ಲೂಪ್‌ಗಳಲ್ಲಿ (ಮುಗಿದ ಕೂಡಲೇ ಮತ್ತೆ ಮೊದಲಿಂದ ಓಡೋ ಕ್ಲಿಪ್) ಒಂದನ್ನ ಎಳೆಯೋದು ಮರೆತರೂ ಎಡ ಕಂಬದ ಒಂದು ಪಟ್ಟಿ, ವಾಲ್‌ನ ಮೇಲಿನ ಒಂದು ಪಟ್ಟಿ ಕಪ್ಪಾಗಿ ನಿಲ್ಲುತ್ತಿತ್ತು.

ಹಂತ 2: ಟೆಸ್ಟ್ ಕಾರ್ಡ್

ಇದಕ್ಕೆ ಕೂತ ಅರ್ಧ ಗಂಟೆ ಪೂರ್ತಿ ವಸೂಲಾಯ್ತು. 1792×768ರ ಒಂದು ಚಿತ್ರ, ಅದರಲ್ಲಿ 128×128ರ ಚೌಕ, ಅಡ್ಡ 14, ಎತ್ತರ 6, ಪ್ರತಿ ಚೌಕದಲ್ಲಿ ದಪ್ಪ ಅಂಕಿ. ಚೌಕ ಒಂದು ಅಂದರೆ ಕ್ಯಾಬಿನೆಟ್ ಒಂದು. ಅಂಚಿನ ಗೆರೆ ಒಂದೇ ಪಿಕ್ಸೆಲ್ ದಪ್ಪ.

ಮೊದಲ ಸಲ ಹಾಕಿದಾಗ ಗೆರೆಗಳು ಕ್ಯಾಬಿನೆಟ್ ಅಂಚಿಗೆ ಬರಲಿಲ್ಲ. ಕೆಲವು ಕಡೆ ಗೆರೆ ಮಾಯ, ಕೆಲವು ಕಡೆ ಎರಡು ಪಿಕ್ಸೆಲ್ ಅಗಲಕ್ಕೆ ಮಂಕಾಗಿ ಹರಡಿತ್ತು. ದೂರದಿಂದ ನೋಡಿದರೆ ವಾಲ್ ಚೆನ್ನಾಗೇ ಇದೆ ಅನ್ನಿಸುತ್ತೆ, ಅದೇ ಅಪಾಯ. ಕನ್ನಡ ಅಕ್ಷರ ಬಂದಾಗ ಒತ್ತು, ಕೊಂಬು ಎಲ್ಲಾ ಕರಗಿ ಹೋಗುತ್ತೆ. ಕಾರಣ ಎರಡು. ಪ್ರೊಸೆಸರ್ ಚಿತ್ರವನ್ನ ವಾಲ್ ಅಳತೆಗೆ ತಾನೇ ಹಿಗ್ಗಿಸಿ ಕುಗ್ಗಿಸುತ್ತಿತ್ತು, ಅದನ್ನ ನಿಲ್ಲಿಸಿ ಒಂದಕ್ಕೊಂದು ಪಿಕ್ಸೆಲ್ ಮಾಡಿದೆ. ಇನ್ನೊಂದು, ವಿಂಡೋಸ್ ಎರಡನೇ ಪರದೆಯನ್ನ 1366×768 ಅಂತ ಹಿಡಿದಿತ್ತು, ಅದನ್ನ 1920×1080, 60 ಹರ್ಟ್ಸ್‌ಗೆ ತಂದೆ. ಆಮೇಲೆ ಗೆರೆ ಕೂದಲಷ್ಟು ತೆಳ್ಳಗೆ, ಸರಿಯಾಗಿ ಅಂಚಿನ ಮೇಲೆ.

ಕಪ್ಪು ಬೂದುಬೂದಾಗಿ ಹೊಳೆಯುತ್ತಿತ್ತು. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಎಚ್‌ಡಿಎಂಐ ಔಟ್‌ಪುಟ್ ‘ಲಿಮಿಟೆಡ್’ ಇದ್ದದ್ದನ್ನ ‘ಫುಲ್’ ಮಾಡಿದ ಮೇಲೆ ಕಪ್ಪು ಕಪ್ಪಾಯ್ತು. ರಾತ್ರಿ ಮೈದಾನದಲ್ಲಿ ಕಾರ್ಯಕ್ರಮ ಮಾಡೋರಿಗೆ ಇದು ಯಾವ ಎಫೆಕ್ಟ್‌ಗಿಂತ ದೊಡ್ಡ ವ್ಯತ್ಯಾಸ.

ಹಂತ 3: ಕಾಗದದ ಮೇಲೇ ಬಿಟ್ಟವು

ವಿಡಿಎಂಎಕ್ಸ್, ಮಾಡ್ಯುಲ್8 ಈ ಎರಡೂ ಮ್ಯಾಕ್‌ನವು. ನನ್ನ ಹತ್ತಿರ ಇರೋದು ವಿಂಡೋಸ್. ಸಾಫ್ಟ್‌ವೇರ್‌ಗೋಸ್ಕರ ಮ್ಯಾಕ್ ಕೊಳ್ಳೋ ಮಾತೇ ಇಲ್ಲ.

ಟಚ್‌ಡಿಸೈನರ್ ಮೇಲೆ ಆಸೆ ಇತ್ತು. ಬೇಕಾದ್ದನ್ನೆಲ್ಲ ತುಂಡುತುಂಡು ಜೋಡಿಸಿ ಕಟ್ಟಬಹುದು. ಆದರೆ ಉಚಿತ ಆವೃತ್ತಿಯನ್ನ ದುಡ್ಡಿನ ಕೆಲಸಕ್ಕೆ ಬಳಸೋ ಹಾಗಿಲ್ಲ, ಅದರ ಚಿತ್ರದ ಮಿತಿಯೂ 1280×1280. ನಮಗೆ ಬೇಕಾದ ಅಗಲ 1792. ಅದಲ್ಲದೆ ಅದರಲ್ಲಿ ನನ್ನದೇ ಒಂದು ಕಂಟ್ರೋಲ್ ಪರದೆ ಕಟ್ಟೋ ಹೊತ್ತಿಗೆ ಗಣಪತಿ ವಿಸರ್ಜನೆ ಆಗಿರುತ್ತೆ.

ಮ್ಯಾಡ್‌ಮ್ಯಾಪರ್ ಕಟ್ಟಡದ ಮೇಲೆ, ವಕ್ರ ಆಕಾರಗಳ ಮೇಲೆ ಪ್ರೊಜೆಕ್ಟರ್ ಹೊಡೆಯೋರಿಗೆ ಸರಿ. ನಮ್ಮದು ಚಪ್ಪಟೆ ವಾಲ್. ವಿಮಿಕ್ಸ್ ಹಲವು ಕ್ಯಾಮೆರಾ ಬದಲಿಸೋ ಕೆಲಸದ್ದು, 60 ದಿನ ಪುಕ್ಕಟೆ ನೋಡೋಕೂ ಕೊಡ್ತಾರೆ. ಮದುವೆ ಲೈವ್ ಮಾಡೋ ಸ್ನೇಹಿತರು ಅದನ್ನೇ ಬಳಸ್ತಾರೆ. ನಮ್ಮಲ್ಲಿ ಕ್ಯಾಮೆರಾ ಒಂದೇ.

ಉಳಿದದ್ದು ಎರಡು. ಲೈವ್, ರೆಕಾರ್ಡಿಂಗ್‌ಗೆ ಬಳಸೋ ಪೂರ್ತಿ ಉಚಿತವಾದ ಓಬಿಎಸ್ ಸ್ಟುಡಿಯೋ, ಹಾಡಿನ ಜೊತೆ ವಿಷುವಲ್ಸ್ ಆಡಿಸೋಕೆ ಅಂತಲೇ ಇರೋ, ದುಡ್ಡು ಕೊಡಬೇಕಾದ ರೆಸೊಲ್ಯೂಮ್. ರೆಸೊಲ್ಯೂಮ್‌ನಲ್ಲಿ ಮತ್ತೆ ಎರಡು: ಅವೆನ್ಯೂ 299 ಯೂರೋ, ಅರೀನಾ 799 ಯೂರೋ. ಇವು ನಾನು ನೋಡಿದಾಗಿನ ಬೆಲೆ, ತೆರಿಗೆ ಬೇರೆ. ಡೆಮೋದಲ್ಲಿ ಎಲ್ಲವೂ ಕೆಲಸ ಮಾಡುತ್ತೆ, ಚಿತ್ರದ ಮೇಲೆ ಅವರ ಲೋಗೋ, ಸೌಂಡ್‌ನಲ್ಲಿ ಅವರ ಹೆಸರು ಬರುತ್ತೆ ಅಷ್ಟೆ. ಗೋಡೌನ್‌ನಲ್ಲಿ ಅದರಿಂದ ಯಾರಿಗೇನು ತೊಂದರೆ. ಇಡೀ ಪರೀಕ್ಷೆ ಡೆಮೋದಲ್ಲೇ ಮುಗಿಸಿದೆ.

ಹಂತ 4: ಫೈಲ್‌ಗಳು

ಎರಡೂ ಸಾಫ್ಟ್‌ವೇರ್‌ನಲ್ಲಿ ಮೊದಲ ದಿನ ಚಿತ್ರ ತಡವರಿಸಿತು. ಸಾಫ್ಟ್‌ವೇರ್ ಭಾರ ಅಂತ ಬೈಯೋಕೆ ಹೊರಟಿದ್ದೆ. ತಪ್ಪಿದ್ದದ್ದು ಫೈಲ್‌ನಲ್ಲಿ.

ನನ್ನ ಸಂಗ್ರಹ ಎಲ್ಲಾ 4ಕೆ ಎಂಪಿ4. ಒಂದು ಫ್ರೇಮ್‌ಗೆ ಸುಮಾರು 83 ಲಕ್ಷ ಪಿಕ್ಸೆಲ್. ವಾಲ್‌ಗೆ ಬೇಕಾದ್ದು 13.8 ಲಕ್ಷ, ಅಂದರೆ ಆರನೇ ಒಂದು ಭಾಗ. ಉಳಿದ ಐದು ಪಾಲನ್ನ ಲ್ಯಾಪ್‌ಟಾಪ್ ಬಿಚ್ಚಿ, ಕುಗ್ಗಿಸಿ, ಬಿಸಾಡುತ್ತಿತ್ತು. ಅದರ ಮೇಲೆ ಎಚ್.264ರ (ಈ ಎಂಪಿ4ಗಳಲ್ಲಿ ವಿಡಿಯೋ ಹಿಂಡಿರೋ ವಿಧಾನ) ಸ್ವಭಾವ ಇನ್ನೊಂದು. ಅದರಲ್ಲಿ ಪೂರ್ತಿ ಚಿತ್ರ ಇರೋದು ಅಲ್ಲೊಂದು ಇಲ್ಲೊಂದು ಕೀಫ್ರೇಮ್‌ನಲ್ಲಿ ಮಾತ್ರ. ಹಾಗೆ ಹಿಂಡೋ ಎಕ್ಸ್264 ಪ್ರೋಗ್ರಾಂನ ಡೀಫಾಲ್ಟ್ ಸೆಟ್ಟಿಂಗ್‌ನಲ್ಲಿ ಎರಡು ಕೀಫ್ರೇಮ್‌ಗಳ ಮಧ್ಯೆ 250 ಫ್ರೇಮ್ ತನಕ ಇರಬಹುದು. ಸಿನಿಮಾ ನೋಡೋಕೆ ಅದು ಸರಿ. ಕ್ಲಿಪ್‌ನ ಮಧ್ಯದಿಂದ ಶುರು ಮಾಡು, ಹಿಂದಕ್ಕೆ ಓಡಿಸು, ಪಲ್ಲವಿ ಬಂದಾಗ ಮತ್ತೆ ಮೊದಲಿಗೆ ಹಾರು ಅಂದರೆ ಪಾಪ ಅದು ಹಿಂದಿನ ಕೀಫ್ರೇಮ್‌ನಿಂದ ಎಲ್ಲವನ್ನೂ ಬಿಚ್ಚಿಕೊಂಡು ಬರಬೇಕು.

ಅದಕ್ಕೇ ವಿಜೆಗಳಿಗೆ, ಅಂದರೆ ಹಾಡಿನ ಜೊತೆ ವಿಷುವಲ್ಸ್ ಆಡಿಸೋರಿಗೆ ಅಂತ, ಬೇರೆ ಕೋಡೆಕ್ (ವಿಡಿಯೋ ಹಿಂಡಿ ಬಿಚ್ಚೋ ವಿಧಾನ) ಇವೆ. ರೆಸೊಲ್ಯೂಮ್‌ದು ಡಿಎಕ್ಸ್‌ವಿ, ಬೇರೆ ಹಲವು ಸಾಫ್ಟ್‌ವೇರ್‌ಗಳಿಗೆ ಹ್ಯಾಪ್. ಪ್ರತಿ ಫ್ರೇಮ್ ಸ್ವತಂತ್ರ, ಬಿಚ್ಚೋ ಕೆಲಸ ಗ್ರಾಫಿಕ್ಸ್ ಕಾರ್ಡ್‌ದು. ಬದಲಿಗೆ ಫೈಲ್ ಉಬ್ಬುತ್ತೆ. ಸಾಮಾನ್ಯ ಹ್ಯಾಪ್‌ನಲ್ಲಿ ಪಿಕ್ಸೆಲ್‌ಗೆ ಅರ್ಧ ಬೈಟ್ ಅಂತ ಹಿಡಿದರೆ ನಮ್ಮ 1792×768ಕ್ಕೆ ಫ್ರೇಮ್‌ಗೆ ಸುಮಾರು 0.69 ಎಂಬಿ, ಸೆಕೆಂಡಿಗೆ 30 ಫ್ರೇಮ್ ಅಂದರೆ 20 ಎಂಬಿ ದಾಟುತ್ತೆ. ಅದರ ಮೇಲೆ ಇನ್ನೊಂದು ಸುತ್ತು ಹಿಂಡೋದರಿಂದ ನಿಜವಾದ ಫೈಲ್ ಸ್ವಲ್ಪ ಚಿಕ್ಕದಾಗಬಹುದು. ಆದರೂ ಮೂರು ಲೇಯರ್ ಒಟ್ಟಿಗೆ ಓಡಿದರೆ 60 ಎಂಬಿ ಲೆಕ್ಕ ಇಟ್ಟುಕೊಳ್ಳಬೇಕು.

ಹಾರ್ಡ್‌ಡಿಸ್ಕ್ ಕೈಕೊಟ್ಟಿದ್ದು ಇಲ್ಲೇ. ಒಂದೇ ದೊಡ್ಡ ಫೈಲ್ ಕಾಪಿ ಮಾಡುವಾಗ ಸೆಕೆಂಡಿಗೆ 100 ಎಂಬಿ ತೋರಿಸೋ ಡಿಸ್ಕ್, ಮೂರು ಫೈಲ್‌ಗಳನ್ನ ಒಟ್ಟಿಗೆ ಓದು ಅಂದಾಗ ಅದರ ಮುಳ್ಳು ಅಲ್ಲಿಂದಿಲ್ಲಿಗೆ ಓಡಾಡೋದರಲ್ಲೇ ಸುಸ್ತು. ಕ್ಲಿಪ್ ಬದಲಾಗೋ ಕ್ಷಣದಲ್ಲೇ ಚಿತ್ರ ಗಕ್ಕನೆ ನಿಲ್ಲುತ್ತಿತ್ತು. ಅದೇ ಫೈಲ್‌ಗಳನ್ನ ಒಳಗಿನ ಎನ್‌ವಿಎಂಇಗೆ ಹಾಕಿದ ಮೇಲೆ ಆ ಸಮಸ್ಯೆ ಹೋಯ್ತು. ವಿಷುವಲ್ಸ್‌ಗೆ ಅಂತ ಹೊರಗಿನ 1 ಟಿಬಿ ಎಸ್‌ಎಸ್‌ಡಿ ಕೊಂಡೆ. ಹಾರ್ಡ್‌ಡಿಸ್ಕ್ ಈಗ ಬ್ಯಾಕಪ್‌ಗೆ.

ಪರಿವರ್ತನೆಗೆ ರೆಸೊಲ್ಯೂಮ್‌ನವರ ಅಲ್ಲೀ ಅನ್ನೋ ಉಚಿತ ಪ್ರೋಗ್ರಾಂ ಇದೆ. ಅಳತೆ ಕತ್ತರಿಸೋದು ಮೊದಲು, ಡಿಎಕ್ಸ್‌ವಿ ಆಮೇಲೆ. 25 ಫ್ರೇಮ್‌ನ ಕ್ಲಿಪ್‌ಗಳನ್ನ ಆದಷ್ಟು ಕೈಬಿಟ್ಟೆ. ವಾಲ್ ಓಡೋದು 60ರಲ್ಲಿ, 25 ಅದಕ್ಕೆ ಸಮವಾಗಿ ಭಾಗವಾಗಲ್ಲ, ನಿಧಾನಕ್ಕೆ ಅಡ್ಡ ಸರಿಯೋ ದೃಶ್ಯಗಳಲ್ಲಿ ಕುಲುಕು ಕಾಣುತ್ತೆ. 30 ಆದರೆ ಕಾಣಲ್ಲ.

ಇಷ್ಟಾದ ಮೇಲೂ ಒಂದು ತಡವರಿಕೆ ಉಳಿದಿತ್ತು. ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ದುಡೀತಿದ್ದದ್ದು ಇಂಟೆಲ್ ಗ್ರಾಫಿಕ್ಸ್, ಎನ್ವಿಡಿಯಾ ಆರಾಮಾಗಿ ಮಲಗಿತ್ತು. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ ಒಳಗಿನ ಗ್ರಾಫಿಕ್ಸ್ ಪುಟಕ್ಕೆ ಹೋಗಿ ಆ ಪ್ರೋಗ್ರಾಂಗೆ ‘ಹೈ ಪರ್ಫಾರ್ಮೆನ್ಸ್’ ಕೊಟ್ಟೆ. ಚಾರ್ಜರ್ ಹಾಕದೆ ಬ್ಯಾಟರಿ ಮೇಲೆ ಓಡಿಸಿದರೂ ಎನ್ವಿಡಿಯಾ ಶಕ್ತಿ ಕುಗ್ಗುತ್ತೆ, ಅದನ್ನೂ ನೋಡಿಕೊಳ್ಳಿ.

ಹಂತ 5: ಪೆನ್‌ಡ್ರೈವ್ ಪರೀಕ್ಷೆ

ಹೊರಗಿನ ದೇಶದ ವಿಜೆಗಳು ಸಾಫ್ಟ್‌ವೇರ್ ಹೋಲಿಸುವಾಗ ಎಫೆಕ್ಟ್ ಎಷ್ಟು, ಲೇಯರ್ ಎಷ್ಟು ಅಂತ ಎಣಿಸ್ತಾರೆ. ನಮ್ಮ ಕಾರ್ಯಕ್ರಮಕ್ಕೆ ನಿಜವಾದ ಪರೀಕ್ಷೆ ಬೇರೆ. ಮೂರನೇ ಹಾಡು ನಡೀತಿರುತ್ತೆ. ಸಂಘದ ಹುಡುಗ ಜನರ ಮಧ್ಯೆ ನುಗ್ಗಿಕೊಂಡು ಬಂದು ಪೆನ್‌ಡ್ರೈವ್ ಚಾಚ್ತಾನೆ: “ಅಣ್ಣಾ, ಇದೊಂದ್ ಹಾಕ್ಬಿಡ್ರಿ, ಅಧ್ಯಕ್ಷರು ಬರ್ತಾ ಇದಾರೆ.” ಹಾಡು ನಿಲ್ಲಬಾರದು, ಹಿಂದಿನ ವಿಷುವಲ್ಸ್ ಕೆಡಬಾರದು, ಅಧ್ಯಕ್ಷರು ಮೆಟ್ಟಿಲು ಹತ್ತೋದರೊಳಗೆ ಫೋಟೋ ವಾಲ್ ಮೇಲಿರಬೇಕು.

ಹಾಗಾಗಿ ಚಿಕ್ಕಪ್ಪನ ಮಗನಿಗೆ ಒಂದು ಪೆನ್‌ಡ್ರೈವ್ ಕೊಟ್ಟು, ನಾನು ಹಾಡು ಹಾಕಿಕೊಂಡು ವಿಷುವಲ್ಸ್ ಆಡಿಸ್ತಿರುವಾಗ ಯಾವಾಗ ಬೇಕಾದರೂ ತಂದು ಕೊಡು ಅಂದೆ. ಅದರೊಳಗೆ ಹೋದ ವರ್ಷ ನಿಜವಾಗಿ ಬಂದ ಸರಕನ್ನೇ ತುಂಬಿದ್ದೆ. ವಾಟ್ಸ್ಆ್ಯಪ್‌ನಿಂದ ಇಳಿಸಿದ ಉದ್ದುದ್ದ ಫೋಟೋ. ಫ್ಲೆಕ್ಸ್ ಅಂಗಡಿಯವರು ಕೊಟ್ಟ ಕೋರೆಲ್‌ಡ್ರಾ ಫೈಲ್. ಮೊಬೈಲ್ ನಿಲ್ಲಿಸಿ ಹಿಡಿದ ವಿಡಿಯೋ. ದಾನಿಗಳ ಪಟ್ಟಿ, ಹಳೇ ನುಡಿ ಫಾಂಟ್‌ನಲ್ಲಿ.

ಓಬಿಎಸ್‌ನಲ್ಲಿ ‘ದಾನಿ’ ಅಂತ ಒಂದು ಸೀನ್ ಮೊದಲೇ ಮಾಡಿಟ್ಟಿದ್ದೆ, ಹಿಂದೆ ಚಿನ್ನದ ಬಣ್ಣದ ಚೌಕಟ್ಟು, ನಡುವೆ ಫೋಟೋ ಜಾಗ. ಸ್ಟುಡಿಯೋ ಮೋಡ್‌ನಲ್ಲಿ ಎಡಗಡೆ ತಯಾರಿ, ಬಲಗಡೆ ವಾಲ್ ಮೇಲಿರೋದು. ಫೋಟೋ ಎಡಗಡೆ ಕೂರಿಸಿ, ನೋಡಿ, ಆಮೇಲೆ ಟ್ರಾನ್ಸಿಶನ್ ಒತ್ತಬಹುದು. ಮೊದಲೇ ನೋಡದೆ ಏನೂ ವಾಲ್‌ಗೆ ಹೋಗಲ್ಲ, ಈ ಒಂದು ಗುಣ ತುಂಬಾ ದೊಡ್ಡದು. ಆದರೆ ಸೀನ್ ಬದಲಾದಾಗ ಹಿಂದಿನ ಹಾಡಿನ ವಿಷುವಲ್ಸ್ ಅದರ ಜೊತೆಗೇ ಹೋಯ್ತು. ಉಳಿಸಿಕೊಳ್ಳಬೇಕು ಅಂದರೆ ಸೀನ್ ಒಳಗೆ ಸೀನ್ ಜೋಡಿಸಬೇಕು, ಅದನ್ನೂ ಮಾಡಿದೆ. ಆಗುತ್ತೆ. ಆದರೆ ಹಾಡಿಗೊಂದು ಸೀನ್, ಅದರೊಳಗೆ ಇನ್ನೊಂದು ಅಂತ ಪಟ್ಟಿ ಬೆಳೆದು ಕತ್ತಲಲ್ಲಿ ಹುಡುಕೋದೇ ಕಷ್ಟ ಆಯ್ತು.

ರೆಸೊಲ್ಯೂಮ್‌ನಲ್ಲಿ ಎಲ್ಲವೂ ಸಾಲು ಮತ್ತು ಕಾಲಂ. ಸಾಲು ಅಂದರೆ ಲೇಯರ್, ಅದರಲ್ಲಿರೋ ಮನೆಗಳು ಕ್ಲಿಪ್. ಕೆಳಗಿನ ಸಾಲಿನಲ್ಲಿ ಹಾಡಿನ ಲೂಪ್, ಅದರ ಮೇಲೆ ಬಣ್ಣ, ಕಣಗಳ ಲೇಯರ್, ಅದರ ಮೇಲೆ ಕ್ಯಾಮೆರಾ, ಎಲ್ಲಕ್ಕಿಂತ ಮೇಲೆ ನಾನು ‘ಚೀಟಿ’ ಅಂತ ಹೆಸರಿಟ್ಟ ಲೇಯರ್. ಪೆನ್‌ಡ್ರೈವ್ ಬಂದರೆ ಫೋಟೋ ಎಳೆದು ಚೀಟಿ ಸಾಲಿನ ಖಾಲಿ ಮನೆಗೆ ಹಾಕೋದು. ಕ್ಲಿಕ್ ಮಾಡೋ ತನಕ ಅದು ವಾಲ್‌ಗೆ ಹೋಗಲ್ಲ. ಆ ಲೇಯರ್‌ಗೆ ‘ಫಿಟ್’ ಅಂತ ಮೊದಲೇ ಹೇಳಿಟ್ಟರೆ ಉದ್ದ ಫೋಟೋ ತಾನಾಗೇ ಎತ್ತರಕ್ಕೆ ಹೊಂದಿಕೊಳ್ಳುತ್ತೆ. ಫೋಟೋ ಬಂದಿರುವಾಗಲೂ ಕೆಳಗಿನ ಲೂಪ್ ತನ್ನ ಪಾಡಿಗೆ ಬೀಟ್‌ಗೆ ಓಡ್ತಾನೇ ಇರುತ್ತೆ. ಅಧ್ಯಕ್ಷರು ಕೂತರು ಅಂದ ತಕ್ಷಣ ಚೀಟಿ ಲೇಯರ್‌ನ ಫೇಡರ್ ಕೈಯಲ್ಲಿ ನಿಧಾನ ಇಳಿಸೋದು. ಸೆಕೆಂಡ್ ಲೆಕ್ಕದಲ್ಲಿ ಎರಡಕ್ಕೂ ದೊಡ್ಡ ವ್ಯತ್ಯಾಸ ಇರಲಿಲ್ಲ. ವ್ಯತ್ಯಾಸ ಇದ್ದದ್ದು ಆಮೇಲೆ ಹಾಡಿಗೆ ವಾಪಸ್ ಬರೋದರಲ್ಲಿ.

ಕೋರೆಲ್ ಫೈಲ್ ಎರಡರಲ್ಲೂ ತೆರೆಯಲಿಲ್ಲ, ತೆರೆಯೋದೂ ಇಲ್ಲ. ಸಂಘದವರಿಗೆ ಕಳಿಸೋ ವಾಟ್ಸ್ಆ್ಯಪ್ ಸಂದೇಶದಲ್ಲಿ ಈಗ ಮೊದಲ ಸಾಲೇ ‘ಫೋಟೋ ಜೆಪಿಜಿಯಲ್ಲಿ ಕೊಡಿ, ಫ್ಲೆಕ್ಸ್ ಫೈಲ್ ಬೇಡ’ ಅಂತ. ಪ್ರಿಂಟ್‌ಗೆ ಮಾಡಿದ ಸಿಎಂವೈಕೆ ಜೆಪಿಜಿ ಬಂದರೆ ಬಣ್ಣ ಕೆಡಬಹುದು, ಆರ್‌ಜಿಬಿ ಮಾಡಿಕೊಂಡೇ ಹಾಕಬೇಕು.

ಕನ್ನಡ ಅಕ್ಷರಕ್ಕೆ ಎರಡು ಮಾತು ಹೆಚ್ಚು. ಡಿಟಿಪಿಯವರು ಕೊಡೋ ಹಳೇ ನುಡಿ, ಬರಹ ಪಠ್ಯ ಯೂನಿಕೋಡ್ ಅಲ್ಲ. ಅದನ್ನ ಕಾಪಿ ಮಾಡಿ ಯಾವ ಸಾಫ್ಟ್‌ವೇರ್‌ನ ಅಕ್ಷರಪೆಟ್ಟಿಗೆಗೆ ಹಾಕಿದರೂ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಬರುತ್ತೆ. ಕನ್ವರ್ಟರ್‌ನಲ್ಲಿ ಯೂನಿಕೋಡ್ ಮಾಡಿಕೊಂಡರೂ ಅರ್ಕಾವತ್ತು, ಒತ್ತಕ್ಷರ ಸರಿ ಇದೆಯಾ ನೋಡಬೇಕು. ನಾನು ಪರೀಕ್ಷೆಗೆ ಇಟ್ಟ ಸಾಲು: ‘ರಾಷ್ಟ್ರಕವಿ, ಸ್ವಾತಂತ್ರ್ಯ, ಕರ್ತೃ, ಧರ್ಮಸ್ಥಳ’. ಇಷ್ಟು ಸರಿ ಬಂದರೆ ಉಳಿದದ್ದು ಬರುತ್ತೆ. ಕೊನೆಗೆ ನಿಂತ ಪದ್ಧತಿ ಅಂದರೆ, ಹೆಸರುಗಳನ್ನ ಬೇರೆ ಕಡೆ ಟೈಪ್ ಮಾಡಿ, ಪಾರದರ್ಶಕ ಹಿನ್ನೆಲೆಯ ಪಿಎನ್‌ಜಿ ಚಿತ್ರ ಮಾಡಿ ಹಾಕೋದು. ಕಾರ್ಯಕ್ರಮದ ಮಧ್ಯೆ ದಾನಿಯ ಹೆಸರಿನ ಒತ್ತು ಪಕ್ಕಕ್ಕೆ ಹಾರಿದರೆ ಆಮೇಲೆ ಬಾಡಿಗೆ ವಸೂಲಿ ಮಾಡೋದು ನಾನೇ.

ಹಂತ 6: ಕ್ಯಾಮೆರಾ

ಗಾಯಕರ ಮುಖ ದೊಡ್ಡದಾಗಿ ಕಾಣಬೇಕು ಅಂತ ಎಲ್ಲರೂ ಕೇಳ್ತಾರೆ. ಹೆಸರಿಲ್ಲದ ಒಂದು ಯುಎಸ್‌ಬಿ ಕ್ಯಾಪ್ಚರ್ ಡಾಂಗಲ್ ಇತ್ತು, ಸಾವಿರದೊಳಗಿನದು. ಡಬ್ಬಿ ಮೇಲೆ 4ಕೆ ಅಂತ ಬರೆದಿದೆ. ಒಳಗಿರೋದು ಯುಎಸ್‌ಬಿ 2ರ ಚಿಪ್, ಅದು 1080ರಲ್ಲಿ ಸೆಕೆಂಡಿಗೆ 30 ಫ್ರೇಮ್‌ಗಳನ್ನ ಎಂಜೆಪೆಗ್ ಮಾಡಿ, ಅಂದರೆ ಒಂದೊಂದನ್ನೂ ಜೆಪೆಗ್ ಚಿತ್ರದ ಹಾಗೆ ಹಿಂಡಿ, ಕಳಿಸುತ್ತೆ.

ತಡ ಎಷ್ಟು ಅಂತ ಅಳೆಯೋದು ಸುಲಭ. ಒಂದು ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಓಡಿಸಿ ಕ್ಯಾಮೆರಾ ಮುಂದೆ ಹಿಡಿಯಿರಿ. ಇನ್ನೊಂದು ಮೊಬೈಲ್‌ನಲ್ಲಿ ಆ ಸ್ಟಾಪ್‌ವಾಚ್ ಮತ್ತು ಹಿಂದಿನ ವಾಲ್ ಎರಡೂ ಬರೋ ಹಾಗೆ ಫೋಟೋ ಹೊಡೆಯಿರಿ. ಎರಡು ಅಂಕಿಗಳ ವ್ಯತ್ಯಾಸವೇ ತಡ. ನನಗೆ ಬಂದದ್ದು ಸೆಕೆಂಡಿನ ಐದನೇ ಒಂದು ಭಾಗದ ಮೇಲೆ. ಮುಂದಿನ ಸಾಲಿನಲ್ಲಿ ಕೂತವರಿಗೆ ತುಟಿ ಒಂದು ಕಡೆ, ಹಾಡು ಒಂದು ಕಡೆ.

ಸಾಫ್ಟ್‌ವೇರ್ ಬದಲಿಸಿದರೂ ಅಂಕಿ ಹೆಚ್ಚು ಇಳಿಯಲಿಲ್ಲ. ಕೊನೆಗೆ ಕ್ಯಾಮೆರಾವನ್ನ ಲ್ಯಾಪ್‌ಟಾಪ್‌ನಿಂದಲೇ ಬಿಡಿಸಿದೆ. ವಿಎಕ್ಸ್4ಎಸ್‌ಗೆ ಎಸ್‌ಡಿಐ (ದೊಡ್ಡ ಕ್ಯಾಮೆರಾಗಳ ವಿಡಿಯೋ ಕೇಬಲ್) ಒಳದಾರಿ ಇದೆ, ವಿಡಿಯೋದವರು ಎಸ್‌ಡಿಐ ಕೊಟ್ಟರೆ ನೇರ ಅಲ್ಲಿಗೇ ಹಾಕಿ ಪ್ರೊಸೆಸರ್ ಗುಂಡಿಯಿಂದ ಬದಲಿಸೋದು. ತಡ ಗಮನಕ್ಕೆ ಬರದಷ್ಟು ಇಳಿಯಿತು. ಕಳಕೊಂಡದ್ದು ಏನಂದರೆ ಕ್ಯಾಮೆರಾ ಚಿತ್ರದ ಮೇಲೆ ರೆಸೊಲ್ಯೂಮ್‌ನ ಬಣ್ಣ, ಎಫೆಕ್ಟ್ ಹಾಕೋಕೆ ಬರಲ್ಲ. ಎಚ್‌ಡಿಎಂಐ ಮಾತ್ರ ಕೊಡೋ ವಿಡಿಯೋದವರು ಬಂದ ದಿನ ಡಾಂಗಲ್ ದಾರಿಯಲ್ಲಿ ಮುಖ ಹಾಕದೆ ಬರೀ ವಾದ್ಯದವರ ದೂರದ ಶಾಟ್ ಹಾಕ್ತೀನಿ. ಅದರಲ್ಲಿ ತಡ ಯಾರಿಗೂ ಗೊತ್ತಾಗಲ್ಲ.

ಹಂತ 7: ಬೀಟ್

ಕೀಬೋರ್ಡ್, ರಿದಮ್ ಪ್ಯಾಡ್ ಜೊತೆ ಹಾಡೋ ನಮ್ಮ ತಂಡಗಳು ಕ್ಲಿಕ್ (ಕಿವಿಯಲ್ಲಿ ತಾಳ ಕೊಡೋ ಟಿಕ್‌ಟಿಕ್ ಸದ್ದು) ಇಟ್ಟುಕೊಂಡು ನುಡಿಸೋದು ಅಪರೂಪ. ಹಾಗಾಗಿ ರೆಸೊಲ್ಯೂಮ್‌ನಲ್ಲಿ ಎಬಲ್‌ಟನ್ ಲಿಂಕ್ (ಸಂಗೀತದ ಪ್ರೋಗ್ರಾಂಗಳ ಜೊತೆ ತಾಳದ ವೇಗ ಹೊಂದಿಸೋ ವ್ಯವಸ್ಥೆ) ಇದ್ದೂ ನನಗೆ ಉಪಯೋಗಕ್ಕೆ ಬರಲಿಲ್ಲ. ಅದರ ಟ್ಯಾಪ್ ಗುಂಡಿ ಮೇಲೆ ಬೆರಳಲ್ಲಿ ತಾಳ ಹಾಕಿದರೆ ಲೂಪ್ ಆ ವೇಗಕ್ಕೆ ಹೊಂದಿಕೊಳ್ಳುತ್ತೆ. ಓಬಿಎಸ್‌ನಲ್ಲಿ ಈ ಬಗೆಯ ಬೀಟ್ ಲೆಕ್ಕ ಇಲ್ಲ, ಅದರ ಕೆಲಸವೇ ಬೇರೆ.

ಸೌಂಡ್ ಕೇಳಿ, ಕೆಳಸ್ವರ ಮೇಲ್ಸ್ವರ ಅಂತ ಬಿಡಿಸಿಕೊಂಡು ತಾನೇ ಸ್ಪಂದಿಸೋ ಎಫ್‌ಎಫ್‌ಟಿಯನ್ನೂ ಇಟ್ಟು ನೋಡಿದೆ. ಲ್ಯಾಪ್‌ಟಾಪ್ ಮೈಕ್ ಮೇಲೆ ಬಿಟ್ಟರೆ ಜನರ ಶಿಳ್ಳೆಗೂ ವಾಲ್ ಕುಣಿಯಿತು. ಸೌಂಡ್‌ನವರ ಮಿಕ್ಸರ್‌ನಿಂದ ಒಂದು ಆಕ್ಸ್ ಲೈನ್ ತಗೊಂಡೆ. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ನೇರ ಹಾಕಿದಾಗ ಸಿಗ್ನಲ್ ಜಾಸ್ತಿಯಾಗಿ ಒಡೆಯಿತು, ಮೇಲೆ ಗುಂಯ್ ಅನ್ನೋ ಹಮ್. ಲೈನ್ ಇನ್‌ಪುಟ್ ಇರೋ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡ್, ಮಧ್ಯೆ ಒಂದು ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿದ ಮೇಲೆ ಸ್ವಚ್ಛ ಆಯ್ತು.

ಡೊಳ್ಳು ಕುಣಿತದ ರೆಕಾರ್ಡಿಂಗ್ ಹಾಕಿ ನೋಡಿದಾಗ ಎಫ್‌ಎಫ್‌ಟಿ ನಿಜವಾಗಿ ಮೆರೆಯಿತು. ಕೆಳಸ್ವರದ ಪಟ್ಟಿಯನ್ನ ಮಾತ್ರ ಆರಿಸಿ ಚಿತ್ರದ ಅಳತೆಗೆ ಕಟ್ಟಿದರೆ ಪ್ರತಿ ಹೊಡೆತಕ್ಕೂ ವಾಲ್ ಉಬ್ಬುತ್ತೆ, ವೇಗ ಏರಿದ ಹಾಗೆ ಜೊತೆಗೇ ಏರುತ್ತೆ, ಟ್ಯಾಪ್ ಮಾಡೋಕೆ ಹೋದರೆ ಕೈ ಹಿಂದೆ ಬೀಳುತ್ತೆ. ಉಬ್ಬು 100ರಿಂದ 108 ಶೇಕಡಾ ಸಾಕು, ಅದಕ್ಕಿಂತ ಜಾಸ್ತಿ ಆದರೆ ನೋಡೋರಿಗೆ ತಲೆನೋವು. ಸಿನಿಮಾ ಹಾಡಿಗೆ ಟ್ಯಾಪ್. ಭಾವಗೀತೆಗೆ ಎರಡೂ ಬಂದ್, ಒಂದು ಚಿತ್ರ ನಿಧಾನಕ್ಕೆ ಸರೀತಿದ್ದರೆ ಸಾಕು.

ಜೋರು ಹಾಡಿಗೆ ಬಿಳಿ ಫ್ಲ್ಯಾಶ್ ಹಾಕೋ ಚಪಲ ಎಲ್ಲರಿಗೂ ಇರುತ್ತೆ. ಇಡೀ ವಾಲ್ ಒಮ್ಮೆಗೇ ಬೆಳ್ಳಗಾದರೆ ಕರೆಂಟ್ ಎಳೆತವೂ ಒಮ್ಮೆಗೇ ಏರುತ್ತೆ, ಚಿಕ್ಕ ಜನರೇಟರ್ ಇದ್ದರೆ ಅದರ ಸದ್ದಲ್ಲೇ ಗೊತ್ತಾಗುತ್ತೆ. ಫ್ಲ್ಯಾಶ್ ಕ್ಲಿಪ್‌ಗಳನ್ನ ಬೂದುಬಣ್ಣಕ್ಕೆ ಇಳಿಸಿದೆ, ಪ್ರೊಸೆಸರ್‌ನಲ್ಲಿ ಬೆಳಕನ್ನ 40 ಶೇಕಡಾಕ್ಕೆ ಕಟ್ಟಿದೆ. ರಾತ್ರಿಗೆ ಅದೇ ಹೆಚ್ಚು.

ಹಂತ 8: ತೀರ್ಮಾನ, ಖರ್ಚು

ಹಾಡಿನ ಕಾರ್ಯಕ್ರಮಕ್ಕೆ ರೆಸೊಲ್ಯೂಮ್ ಅವೆನ್ಯೂ. ಅರೀನಾ ಬೇಡ ಅಂದದ್ದಕ್ಕೆ ಕಾರಣ ಹಂತ 1ರಲ್ಲೇ ಇದೆ. ಅರೀನಾದಲ್ಲಿ ಹೆಚ್ಚಿಗೆ ಸಿಗೋದು ಪ್ರೊಜೆಕ್ಷನ್ ಮ್ಯಾಪಿಂಗ್, ಎಡ್ಜ್ ಬ್ಲೆಂಡಿಂಗ್, ಡಿಎಂಎಕ್ಸ್ ಲೈಟ್, ಟೈಮ್‌ಕೋಡ್ ಇಂಥವು. ತುಂಡು ಮಾಡೋ ಕೆಲಸ ಪ್ರೊಸೆಸರ್ ಮಾಡ್ತಿದೆ, ಲೈಟ್ ಬೇರೆಯವರದು. 500 ಯೂರೋ ಉಳೀತು. ಸನ್ಮಾನ, ಶಾಲಾ ವಾರ್ಷಿಕೋತ್ಸವ, ಪ್ರವಚನಕ್ಕೆ ಓಬಿಎಸ್ಸೇ ಸಾಕು, ಬೀಟ್ ಯಾರಿಗೆ ಬೇಕು.

ಅವೆನ್ಯೂ ಕಾರ್ಡ್ ಶುಲ್ಕ, ತೆರಿಗೆ ಸೇರಿ ಮೂವತ್ತು ಸಾವಿರದ ಮೇಲಾಯ್ತು. ಒಂದು ವರ್ಷದ ಅಪ್‌ಡೇಟ್ ಅದರಲ್ಲೇ ಬರುತ್ತೆ, ಆಮೇಲೆ ಕಟ್ಟದಿದ್ದರೂ ಇದ್ದ ಆವೃತ್ತಿ ಓಡ್ತಾ ಇರುತ್ತೆ. ಎಸ್‌ಎಸ್‌ಡಿ ಏಳು ಸಾವಿರ ಚಿಲ್ಲರೆ. ಸೌಂಡ್ ಕಾರ್ಡ್, ಐಸೊಲೇಟರ್ ಸೇರಿ ಎರಡು ಸಾವಿರದೊಳಗೆ. ಪ್ರೊಸೆಸರ್‌ಗೆ ಒಂದು ಸಣ್ಣ ಯುಪಿಎಸ್ ಮೂರು ಸಾವಿರ. ಜನರೇಟರ್ ಬದಲಿಸುವಾಗ ಲ್ಯಾಪ್‌ಟಾಪ್ ಬ್ಯಾಟರಿ ಮೇಲೆ ಉಳಿದರೂ ಪ್ರೊಸೆಸರ್ ಆರಿ ಮತ್ತೆ ಏಳೋಕೆ ಹೊತ್ತು ತಗೊಳ್ಳುತ್ತೆ, ಅದಕ್ಕೆ. ಕಂಟ್ರೋಲರ್‌ಗೆ ಕೋರ್ಗ್ ನ್ಯಾನೋಕಂಟ್ರೋಲ್2 ಸೆಕೆಂಡ್‌ಹ್ಯಾಂಡ್ ಸಿಕ್ಕಿತು. ಎಂಟು ಫೇಡರ್, ನಾಲ್ಕೇ ಬಳಕೆ. ಚೀಟಿ ಲೇಯರ್‌ನ ಫೇಡರ್‌ಗೆ ಕೆಂಪು ಟೇಪ್ ಸುತ್ತಿದ್ದೇನೆ.

ಬಾಕಿ ಇರೋದು

ರಾಜ್ಯೋತ್ಸವಕ್ಕೆ ಒಬ್ಬರು ದೊಡ್ಡ ವಾಲ್ ಕೇಳಿದ್ದಾರೆ. ನಡುವೆ ಅಡ್ಡ 14, ಎತ್ತರ 8, ಬದಿಗೆ 2×8ರ ಕಂಬ. ನಡುವಿನದೇ 1792×1024. ಕಂಬ ಎರಡೂ ಸೇರಿದರೆ ಅಗಲ 2304, ಒಂದು ಎಚ್‌ಡಿಎಂಐಯ 1920ರಲ್ಲಿ ಹಿಡಿಸಲ್ಲ, ವಿಎಕ್ಸ್4ಎಸ್‌ನ 23 ಲಕ್ಷ ಪಿಕ್ಸೆಲ್ ಮಿತಿಯನ್ನೂ ದಾಟುತ್ತೆ.

ಕಾಗದದ ಮೇಲೆ ಹೊಳೆದಿರೋ ದಾರಿ ಹೀಗೆ. 1920ರಿಂದ 1792 ಕಳೆದರೆ ಉಳಿಯೋದು ಸರಿಯಾಗಿ 128, ಅಂದರೆ ಒಂದು ಕ್ಯಾಬಿನೆಟ್ ಅಗಲ. ಕಂಬಗಳ ನಾಲ್ಕು ಸಾಲೂ ಆ ಒಂದೇ ಪಟ್ಟಿಯನ್ನ ಓದೋ ಹಾಗೆ ನೋವಾಎಲ್‌ಸಿಟಿಯಲ್ಲಿ ಕೊಟ್ಟರೆ ಎರಡೂ ಬದಿಗೆ ಒಂದೇ ಚಿತ್ರ ಪಕ್ಕಪಕ್ಕ ಬರುತ್ತೆ. ಪೋರ್ಟ್ ಲೆಕ್ಕ: ನಡುವಿನ 112 ಕ್ಯಾಬಿನೆಟ್‌ಗೆ ಮೂರು ಪೋರ್ಟ್, 39ರಂತೆ 117ರ ತನಕ ಹೊರುತ್ತೆ. ಕಂಬಗಳ 32 ನಾಲ್ಕನೆಯದಕ್ಕೆ. ಎತ್ತರದಲ್ಲಿ ಮೇಲೆಕೆಳಗೆ 28 ಪಿಕ್ಸೆಲ್ ಬಿಟ್ಟು ಓದಿಸಬೇಕು. ಬರೋ ಅಕ್ಟೋಬರ್‌ನಲ್ಲಿ ಬಾಡಿಗೆ ಇಲ್ಲದ ದಿನ ಕಂಬ ಮಾತ್ರ ಕಟ್ಟಿ ನೋಡಬೇಕು, ಹಿಡಿಸದಿದ್ದರೆ ಎರಡನೇ ಪ್ರೊಸೆಸರ್ ಬಾಡಿಗೆಗೆ ತರೋದು.